ಕೂಡಿಹಾಕುವ ಕರುಣೆ

ಕನ್ನಡದ ‘ಕೂಡಿಹಾಕು’ ಎಂಬ ಮಾತಿಗೆ ಎರಡು ಅರ್ಥಗಳಿವೆ. ಹಣವನ್ನೋ ಹಳೆಯ ಸಾಮಾನನ್ನೋ ಒಂದೊಂದಾಗಿ ತಂದು ಗುಡ್ಡೆ ಮಾಡಿಕೊಳ್ಳುವುದನ್ನೂ ಕೂಡಿಹಾಕುವುದು ಎನ್ನುತ್ತೇವೆ, ಒಂದು ಜೀವವನ್ನು ಕೋಣೆಯೊಳಗಿಟ್ಟು ಹೊರಗೆ ಬಾರದಂತೆ ಬಾಗಿಲು ಹಾಕುವುದನ್ನೂ ಹಾಗೆಯೇ ಎನ್ನುತ್ತೇವೆ. ಬೀದಿಯ ಬೆಕ್ಕುಗಳನ್ನು ಕಾಪಾಡಲು ಹೊರಟ ಕೆಲವರ ಮನೆಗಳಲ್ಲಿ ಈ ಎರಡೂ ಅರ್ಥಗಳು ಏಕಕಾಲಕ್ಕೆ ನಿಜವಾಗುತ್ತವೆ. ಮೊದಲ ಬೆಕ್ಕು ಬಂದಾಗ ಅದು ಅಪ್ಪಟ ಕರುಣೆ. ಐದನೆಯದು ಬಂದಾಗಲೂ ಕರುಣೆಯೇ. ನಲವತ್ತನೆಯದು ಬರುವ ಹೊತ್ತಿಗೆ, ಮೊದಲು ಬಂದ ಮೂವತ್ತೊಂಬತ್ತಕ್ಕೆ ಏನಾಗಿದೆ ಎಂಬುದನ್ನು ನೋಡುವ ಕಣ್ಣು ಆ ಮನೆಯಲ್ಲಿ ಉಳಿದಿರುವುದಿಲ್ಲ. ಪಶುವೈದ್ಯರೂ ಮನೋವೈದ್ಯರೂ ಇದನ್ನು ‘ಅನಿಮಲ್ ಹೋರ್ಡಿಂಗ್’ ಎಂದು ಕರೆಯುತ್ತಾರೆ. ನಮ್ಮ ಊರುಗಳಲ್ಲೂ ಇದು ಇದೆ. ಆದರೆ ಹೆಸರಿಟ್ಟು ಗುರುತಿಸುವ ರೂಢಿ ಇಲ್ಲದಿರುವುದರಿಂದ ‘ಪಾಪ, ಬೆಕ್ಕಿನ ಅಜ್ಜಿ’ ಎಂಬ ಒಂದು ಮಾತಿನಲ್ಲಿ ಮುಗಿದುಹೋಗುತ್ತದೆ.

ಈ ಸ್ಥಿತಿಯನ್ನು ಅಧ್ಯಯನದ ವಿಷಯವಾಗಿ ನೋಡಿದ ಆರಂಭದ ಬರಹಗಳಲ್ಲಿ ಒಂದು 1981ರಲ್ಲಿ ನ್ಯೂಯಾರ್ಕ್ ನಗರವನ್ನು ಕುರಿತು ಪ್ರಕಟವಾಯಿತು. ಇಂದು ಹೆಚ್ಚಿನವರು ಆಧರಿಸುವ ವ್ಯಾಖ್ಯೆಯನ್ನು ಕೊಟ್ಟವರು ಅಮೆರಿಕದ ಟಫ್ಟ್ಸ್ ವಿಶ್ವವಿದ್ಯಾಲಯದಲ್ಲಿದ್ದ ಪಶುವೈದ್ಯ ಗ್ಯಾರಿ ಪ್ಯಾಟ್ರೊನೆಕ್. ಅವರ ಲೇಖನ 1999ರಲ್ಲಿ ಬಂತು. ಅವರು ಹೇಳುವಂತೆ, ಬಹಳ ಪ್ರಾಣಿಗಳನ್ನು ಸೇರಿಸಿಕೊಂಡು, ಅವುಗಳಿಗೆ ಕನಿಷ್ಠ ಮಟ್ಟದ ಆಹಾರ, ಸ್ವಚ್ಛತೆ ಮತ್ತು ಚಿಕಿತ್ಸೆಯನ್ನೂ ಒದಗಿಸಲಾಗದೆ, ಪ್ರಾಣಿಗಳೂ ಮನೆಯೂ ಹದಗೆಡುತ್ತಿರುವುದು ಎದುರಿಗಿದ್ದರೂ ಅದಕ್ಕೆ ತಕ್ಕಂತೆ ನಡೆದುಕೊಳ್ಳದೆ, ತನ್ನ ಮತ್ತು ಮನೆಮಂದಿಯ ಆರೋಗ್ಯಕ್ಕೆ ಆಗುತ್ತಿರುವ ಹಾನಿಯನ್ನೂ ಗಮನಿಸದೆ ಇರುವವರ ಸ್ಥಿತಿ ಇದು. ಈ ವ್ಯಾಖ್ಯೆಯಲ್ಲಿ ‘ಇಷ್ಟಕ್ಕಿಂತ ಹೆಚ್ಚು’ ಎಂಬ ಸಂಖ್ಯೆ ಎಲ್ಲೂ ಇಲ್ಲ ಎಂಬುದನ್ನು ಗಮನಿಸಬೇಕು. ಸಾಕಷ್ಟು ಜಾಗ, ಜನ, ಹಣ ಮತ್ತು ಪಶುವೈದ್ಯರಿರುವ ಆಶ್ರಯತಾಣವೊಂದು ನೂರು ಬೆಕ್ಕುಗಳನ್ನು ಚೆನ್ನಾಗಿಯೇ ನೋಡಿಕೊಳ್ಳಬಹುದು; ಒಂದೇ ಕೋಣೆಯ ಬಾಡಿಗೆ ಮನೆಯಲ್ಲಿ ಹನ್ನೆರಡು ಬೆಕ್ಕುಗಳು ನರಳುತ್ತಿರಬಹುದು.

ಪ್ಯಾಟ್ರೊನೆಕ್ ಪರಿಶೀಲಿಸಿದ 54 ಪ್ರಕರಣಗಳಲ್ಲಿ ಅರ್ಧದಷ್ಟು ಮನೆಗಳಲ್ಲಿ 39 ಅಥವಾ ಅದಕ್ಕಿಂತ ಹೆಚ್ಚು ಪ್ರಾಣಿಗಳಿದ್ದವು, ಅತಿ ಹೆಚ್ಚು ಕಡೆ ಸಿಕ್ಕವು ಬೆಕ್ಕುಗಳು. ಹತ್ತರಲ್ಲಿ ಎಂಟು ಪ್ರಕರಣಗಳಲ್ಲಿ ಸತ್ತ ಅಥವಾ ತೀರಾ ಹೀನ ಸ್ಥಿತಿಯಲ್ಲಿದ್ದ ಪ್ರಾಣಿಗಳು ಕಂಡುಬಂದವು. ಪ್ರಾಣಿಗಳನ್ನು ಕೂಡಿಹಾಕಿದ್ದವರಲ್ಲಿ ಶೇ 76ರಷ್ಟು ಮಂದಿ ಮಹಿಳೆಯರು, ಅರ್ಧಕ್ಕೆ ಸಮೀಪದಷ್ಟು ಮಂದಿ ಅರವತ್ತು ದಾಟಿದವರು. ಈ ಕೊನೆಯ ಅಂಕಿಯನ್ನು ಎಚ್ಚರದಿಂದ ಓದಬೇಕು ಎಂಬುದು ನನ್ನ ಅಭಿಪ್ರಾಯ. ಇವು ದೂರು ದಾಖಲಾದ ಪ್ರಕರಣಗಳು. ಒಂಟಿಯಾಗಿ ಬದುಕುವ ವಯಸ್ಸಾದ ಹೆಂಗಸಿನ ಮನೆಯ ಮೇಲೆ ಬೀದಿಯ ಕಣ್ಣು ಬೀಳುವಷ್ಟು ಸುಲಭವಾಗಿ ಊರ ಹೊರಗಿನ ತೋಟದಲ್ಲಿ ಬೇಲಿ ಹಾಕಿಕೊಂಡು ಕುಳಿತ ಗಂಡಸಿನ ಮೇಲೆ ಬೀಳುವುದಿಲ್ಲ.

ಕೆಲವು ವರ್ಷಗಳ ಹಿಂದೆ ಮೈಸೂರಿನ ಹಳೆಯ ಬಡಾವಣೆಯೊಂದರಲ್ಲಿ ಇಂಥ ಮನೆಯೊಂದಕ್ಕೆ ಸ್ವಯಂಸೇವಕರ ಜೊತೆ ನಾನೂ ಹೋಗಿದ್ದೆ. ಆಕೆ ನಿವೃತ್ತ ಶಿಕ್ಷಕಿ. ಯಜಮಾನರು ತೀರಿಕೊಂಡು ಆರು ವರ್ಷವಾಗಿತ್ತು. ಬಾಗಿಲು ಅರ್ಧ ತೆರೆದು ನಮ್ಮನ್ನು ನೋಡಿದ ಅವರು ಆಡಿದ ಮೊದಲ ಮಾತು, ‘ಚಪ್ಪಲಿ ಹಾಕಿಕೊಂಡೇ ಬನ್ನಿಯಮ್ಮ’ ಎಂಬುದು. ಜಗಲಿಯಲ್ಲಿ ರಂಗೋಲಿ ಇದ್ದ ಆ ಮನೆಯಲ್ಲಿ, ಒಂದು ಕಾಲಕ್ಕೆ ಹೊಸಿಲಿನಾಚೆ ಚಪ್ಪಲಿ ಬಿಡದೆ ಯಾರೂ ಒಳಗೆ ಕಾಲಿಟ್ಟಿರಲಾರರು. ಒಳಗೆ ಕಣ್ಣು ಉರಿಯುವಷ್ಟು ವಾಸನೆ ಇತ್ತು. ಹಾಲ್‌ನ ನೆಲದಲ್ಲಿ ಹಾಲು ಅನ್ನ ಒಣಗಿದ ಸ್ಟೀಲ್ ತಟ್ಟೆಗಳು ಸಾಲಾಗಿದ್ದವು. ಅಡುಗೆಮನೆಯ ಅಕ್ಕಿ ಡ್ರಮ್ಮಿನ ಹಿಂದೆ ಒಂದು ಬಿಳಿ ಬೆಕ್ಕು ಮುದುಡಿಕೊಂಡಿತ್ತು, ಅದರ ಎರಡೂ ಕಣ್ಣು ಗೀಜು ಕಟ್ಟಿ ಮುಚ್ಚಿಹೋಗಿದ್ದವು. ಎಷ್ಟು ಬೆಕ್ಕುಗಳಿವೆ ಎಂದು ಕೇಳಿದಾಗ ಅವರು, ‘ಇಪ್ಪತ್ತು, ಇಪ್ಪತ್ತೈದು ಇರಬಹುದು’ ಎಂದರು. ಎರಡು ದಿನ ಎಣಿಸಿದ ಮೇಲೆ ನಮಗೆ ಸಿಕ್ಕ ಲೆಕ್ಕ ನಲವತ್ತೇಳು. ಅವರು ಸುಳ್ಳು ಹೇಳಿರಲಿಲ್ಲ. ಗೋಡೆಯ ಮೇಲೆ ಹಾಲಿನ ಲೆಕ್ಕ ಬರೆಯುವ ಕ್ಯಾಲೆಂಡರುಗಳು ಒಂದರ ಮೇಲೊಂದು ನೇತಾಡುತ್ತಿದ್ದವು, ಅಡಿಯ ವರ್ಷದಲ್ಲಿ ದಿನಕ್ಕೆ ಒಂದು ಪ್ಯಾಕೆಟ್, ಅದರ ಮೇಲಿನದರಲ್ಲಿ ಎರಡು, ಮೂರು, ಎಲ್ಲಕ್ಕಿಂತ ಮೇಲಿನದರಲ್ಲಿ ಎಂಟು. ಮೂವತ್ತು ವರ್ಷ ಮಕ್ಕಳಿಗೆ ಲೆಕ್ಕ ಕಲಿಸಿದ ಕೈ ಹಾಲಿನ ಲೆಕ್ಕವನ್ನು ಒಂದು ದಿನವೂ ತಪ್ಪಿಸಿರಲಿಲ್ಲ. ಬೆಕ್ಕುಗಳ ಲೆಕ್ಕವನ್ನು ಮಾತ್ರ ಎಲ್ಲೂ ಬರೆದಿರಲಿಲ್ಲ.

ಆ ಕಣ್ಣುರಿಸುವ ವಾಸನೆ ಅಮೋನಿಯಾದ್ದು. ಬೆಕ್ಕಿನ ಪೂರ್ವಜರು ಮರುಭೂಮಿಯ ಪ್ರಾಣಿಗಳಾಗಿದ್ದುದರಿಂದ ಅದರ ಮೂತ್ರ ಬಹಳ ಗಾಢವಾದದ್ದು. ಅದರಲ್ಲಿರುವ ಯೂರಿಯಾವನ್ನು ನೆಲದ ಬ್ಯಾಕ್ಟೀರಿಯಾಗಳು ಒಡೆದಾಗ ಅಮೋನಿಯಾ ಹೊರಡುತ್ತದೆ. ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಸ್ಥೆ ಕೆಲಸಗಾರರ ಪಾಳಿಗೆ ಶಿಫಾರಸು ಮಾಡಿರುವ ಮಿತಿ ಹತ್ತು ಲಕ್ಷ ಭಾಗ ಗಾಳಿಯಲ್ಲಿ 25 ಭಾಗ; 300 ಭಾಗ ಮುಟ್ಟಿದರೆ ಅದನ್ನು ಜೀವಕ್ಕೆ ಕೂಡಲೇ ಅಪಾಯವಾಗುವ ಮಟ್ಟವೆಂದು ಪರಿಗಣಿಸುತ್ತಾರೆ. ಕೆಲಸಗಾರ ಪಾಳಿ ಮುಗಿಸಿ ಹೊರಗೆ ಹೋಗುತ್ತಾನೆ. ನೆಲದಿಂದ ಒಂದು ಗೇಣು ಎತ್ತರದಲ್ಲಿ ಉಸಿರಾಡುವ ಬೆಕ್ಕಿಗೆ ಪಾಳಿ ಮುಗಿಯುವುದೇ ಇಲ್ಲ. ಉಸಿರಾಟದ ನಾಳದೊಳಗೆ ಧೂಳನ್ನೂ ರೋಗಾಣುಗಳನ್ನೂ ಹೊರದೂಡುವ ಸಣ್ಣ ರೋಮಗಳಿರುತ್ತವೆ, ಅಮೋನಿಯಾ ಅವುಗಳನ್ನು ಹಾಳುಮಾಡುತ್ತದೆ. ಮನುಷ್ಯರ ಮೂಗು ಮಾತ್ರ ಸ್ವಲ್ಪ ದಿನದಲ್ಲಿ ಈ ವಾಸನೆಗೆ ಒಗ್ಗಿಹೋಗುತ್ತದೆ. ಹೊರಗಿನಿಂದ ಬಂದವರು ಬಾಗಿಲಲ್ಲೇ ಕೆಮ್ಮುತ್ತಿರುವಾಗ ಮನೆಯೊಡತಿ ‘ಅಷ್ಟೇನೂ ವಾಸನೆ ಇಲ್ಲವಲ್ಲ’ ಎನ್ನುವುದು ಮೊಂಡುತನದ ಮಾತಲ್ಲ, ಅವರ ಮೂಗು ಹೇಳುತ್ತಿರುವುದು ಅದನ್ನೇ.

ಬೆಕ್ಕು ನಾಯಿಯಂತೆ ಗುಂಪಿನಲ್ಲಿ ಬೇಟೆಯಾಡುವ ಪ್ರಾಣಿಯಲ್ಲ. ತನ್ನದೆಂಬ ಜಾಗ, ಅಡಗಲು ಒಂದು ಮೂಲೆ, ಇತರರಿಂದ ದೂರ ಸರಿಯುವ ಅವಕಾಶ ಅದಕ್ಕೆ ಬೇಕು. ಪರಿಚಯವಿಲ್ಲದ ಬೆಕ್ಕುಗಳ ನಡುವೆ ಮುಚ್ಚಿದ ಬಾಗಿಲೊಳಗೆ ಸಿಕ್ಕಿಕೊಂಡಾಗ ಅದರ ಮೇಲೆ ಬೀಳುವ ಒತ್ತಡ ನೇರವಾಗಿ ರೋಗವಾಗಿ ಪರಿಣಮಿಸುತ್ತದೆ. ಬೆಕ್ಕಿನ ಹರ್ಪಿಸ್ ವೈರಸ್ ಇದಕ್ಕೆ ಸ್ಪಷ್ಟ ಉದಾಹರಣೆ. ಒಮ್ಮೆ ಸೋಂಕಿದ ಬಹುಪಾಲು ಬೆಕ್ಕುಗಳ ನರಗಳಲ್ಲಿ ಆ ವೈರಸ್ ಆಜೀವ ಪರ್ಯಂತ ಅಡಗಿ ಕುಳಿತಿರುತ್ತದೆ, ಒತ್ತಡ ಹೆಚ್ಚಾದಾಗ ಮತ್ತೆ ಎದ್ದು ಹರಡುತ್ತದೆ. ಕಣ್ಣಲ್ಲಿ ಗೀಜು, ಮೂಗಿನಲ್ಲಿ ಸಿಂಬಳ. ಜೊತೆಗೆ ಕ್ಯಾಲಿಸಿ ವೈರಸ್ ಸೇರಿಕೊಂಡರೆ ನಾಲಿಗೆಯ ಮೇಲೆ ಹುಣ್ಣು. ಬೆಕ್ಕು ಊಟವನ್ನು ಆರಿಸುವುದು ವಾಸನೆಯಿಂದ; ಮೂಗು ಕಟ್ಟಿದ ಬೆಕ್ಕಿಗೆ ತಟ್ಟೆಯಲ್ಲಿರುವುದು ಆಹಾರವೆಂದೇ ತೋರುವುದಿಲ್ಲ. ಹೀಗೆ ಕೆಲವು ದಿನ ಊಟ ಬಿಟ್ಟರೆ ದೇಹದ ಕೊಬ್ಬು ಯಕೃತ್ತಿನಲ್ಲಿ ಬಂದು ತುಂಬಿಕೊಂಡು ಕಾಮಾಲೆಯಾಗುತ್ತದೆ. ಚಿಕಿತ್ಸೆ ಸಿಗದಿದ್ದರೆ ಬೆಕ್ಕು ಸಾಯುತ್ತದೆ. ನಾಲ್ಕು ಬೆಕ್ಕುಗಳಿರುವ ಮನೆಯಲ್ಲಿ ಒಂದು ಊಟ ಬಿಟ್ಟರೆ ಅಂದು ಸಂಜೆಯೇ ಗೊತ್ತಾಗುತ್ತದೆ. ನಲವತ್ತೇಳು ಇರುವಲ್ಲಿ ತಟ್ಟೆಗಳು ಹೇಗೂ ಖಾಲಿಯಾಗುತ್ತವೆ, ಯಾವುದು ತಿನ್ನಲಿಲ್ಲ ಎಂದು ಯಾರಿಗೂ ಗೊತ್ತಾಗುವುದಿಲ್ಲ. ನೋವನ್ನು ಮರೆಮಾಡುವುದು ಬೆಕ್ಕಿನ ಸ್ವಭಾವವೂ ಹೌದು. ಅಕ್ಕಿ ಡ್ರಮ್ಮಿನ ಹಿಂದೆ ಇದ್ದ ಆ ಬಿಳಿ ಬೆಕ್ಕು ಅಲ್ಲಿ ಎಷ್ಟು ದಿನದಿಂದ ಇತ್ತು ಎಂಬುದು ಟೀಚರಿಗೆ ಗೊತ್ತಿರಲಿಲ್ಲ.

ಇದರ ಮೇಲೆ, ಕರುಳಿನ ಸೋಂಕು ತಂದು ಮರಿಗಳನ್ನು ಎರಡು ಮೂರು ದಿನಗಳಲ್ಲಿ ಕೊಲ್ಲಬಲ್ಲ ಪ್ಯಾನ್‌ಲ್ಯುಕೋಪೀನಿಯಾ ವೈರಸ್ ಇದೆ. ಅದು ನೆಲ, ಚಾಪೆ, ಗೋಣಿಚೀಲಗಳಲ್ಲಿ ಒಂದು ವರ್ಷದವರೆಗೂ ಜೀವಂತವಾಗಿರಬಲ್ಲದು. ಈ ಬಾರಿಯ ಮರಿಗಳು ಸತ್ತ ಮೂಲೆಗೇ ಮುಂದಿನ ಮರಿಗಳು ಬಂದರೆ ಅವೂ ಸಾಯುತ್ತವೆ. ನಮ್ಮ ಮನೆಗಳಲ್ಲಿ ನೆಲ ಒರೆಸಲು ಬಳಸುವ ಫಿನಾಯಿಲ್ ಈ ವೈರಸ್ಸನ್ನು ಕೊಲ್ಲುವುದೆಂದು ನಂಬುವಂತಿಲ್ಲ; ಹದವಾಗಿ ಬೆರೆಸಿದ ಬ್ಲೀಚಿಂಗ್ ದ್ರಾವಣ ಕೊಲ್ಲುತ್ತದೆ. ಅದಕ್ಕಿಂತ ಮುಖ್ಯವಾದ ಸಂಗತಿಯೆಂದರೆ ಫೀನಾಲ್ ಜಾತಿಯ ರಾಸಾಯನಿಕಗಳು ಬೆಕ್ಕಿಗೆ ವಿಷ. ಮನುಷ್ಯರ ಯಕೃತ್ತು ಅಂಥ ವಸ್ತುಗಳನ್ನು ಸಾಗಹಾಕುವ ದಾರಿಯೊಂದು ಬೆಕ್ಕಿನಲ್ಲಿ ತೀರಾ ದುರ್ಬಲವಾಗಿದೆ. ಅದೇ ಕಾರಣಕ್ಕೆ ಜ್ವರವೆಂದು ಪ್ಯಾರಾಸಿಟಮಾಲ್ ಮಾತ್ರೆಯ ಒಂದು ಚೂರನ್ನು ಕೊಟ್ಟರೂ ಬೆಕ್ಕು ಸಾಯಬಹುದು. ಪಶುವೈದ್ಯರ ಬಳಿಗೆ ಅಷ್ಟು ಬೆಕ್ಕುಗಳನ್ನು ಒಯ್ಯುವ ಶಕ್ತಿಯಿಲ್ಲದವರು ಮನೆಯಲ್ಲೇ ಮಾಡುವ ಮದ್ದು ಬಹಳ ಸಲ ಇದೇ ಆಗಿರುತ್ತದೆ.

ನಮ್ಮ ಕಡೆಯ ಇನ್ನೊಂದು ತೊಂದರೆ ಆಹಾರದ್ದು. ಬೆಕ್ಕೆಂದರೆ ಹಾಲು ಎಂಬ ನಂಬಿಕೆ ಎಷ್ಟು ಆಳವಾಗಿದೆಯೆಂದರೆ, ದೊಡ್ಡ ಬೆಕ್ಕುಗಳಲ್ಲಿ ಹೆಚ್ಚಿನವಕ್ಕೆ ಹಸುವಿನ ಹಾಲು ಜೀರ್ಣವಾಗದೆ ಭೇದಿಯಾಗುತ್ತದೆ ಎಂದರೆ ಜನ ನಂಬುವುದಿಲ್ಲ. ಬೆಕ್ಕು ಮಾಂಸವನ್ನೇ ತಿಂದು ಬದುಕಬೇಕಾದ ಪ್ರಾಣಿ. ಟಾರಿನ್ ಎಂಬ ಅಮೈನೋ ಆಮ್ಲವನ್ನು ಅದರ ದೇಹ ತನಗೆ ಬೇಕಾದಷ್ಟು ತಯಾರಿಸಿಕೊಳ್ಳಲಾರದು. ಅದು ಮಾಂಸ, ಮೀನುಗಳಿಂದ ಬರಬೇಕು. ಟಾರಿನ್ ಕೊರತೆಯಿಂದ ಬೆಕ್ಕಿನ ಅಕ್ಷಿಪಟಲ ನಾಶವಾಗಿ ಕುರುಡಾಗುತ್ತದೆ ಎಂಬುದು 1970ರ ದಶಕದಲ್ಲಿ ತಿಳಿಯಿತು. ಹೃದಯದ ಸ್ನಾಯು ಹಿಗ್ಗಿ ದುರ್ಬಲವಾಗುತ್ತದೆ ಎಂಬುದು 1987ರಲ್ಲಿ ತಿಳಿಯಿತು. ವರ್ಷಗಟ್ಟಲೆ ಹಾಲು ಅನ್ನ, ಮೊಸರನ್ನವನ್ನೇ ಪ್ರೀತಿಯಿಂದ ಬಡಿಸುವ ಮನೆಯಲ್ಲಿ ಬೆಕ್ಕಿನ ಹೊಟ್ಟೆ ತುಂಬಿದಂತೆ ಕಂಡರೂ ಕಣ್ಣು, ಹೃದಯಗಳು ನಿಧಾನವಾಗಿ ಸೋಲುತ್ತಿರುತ್ತವೆ. ಆ ಎಂಟು ಪ್ಯಾಕೆಟ್ ಹಾಲಿನ ದುಡ್ಡಿಗೆ ಬೇಯಿಸಿದ ಮೀನೋ ಕೋಳಿಮಾಂಸವೋ ಬಂದಿದ್ದರೆ ಎಷ್ಟೋ ವಾಸಿಯಿತ್ತು. ಆದರೆ ಮಾಂಸವನ್ನು ಹೊಸಿಲು ದಾಟಿಸದ ಮನೆತನದಲ್ಲಿ ಅದು ಹೇಳಿದಷ್ಟು ಸುಲಭವಲ್ಲ ಎಂಬುದನ್ನೂ ಒಪ್ಪಬೇಕು.

ಸಂಖ್ಯೆ ಬೆಳೆಯುವ ಬಗೆಯನ್ನು ಕೂಡ ಹೊರಗಿನವರು ತಪ್ಪಾಗಿ ಊಹಿಸುತ್ತಾರೆ. ನಲವತ್ತೇಳನ್ನೂ ಟೀಚರ್ ಬೀದಿಯಿಂದ ಎತ್ತಿ ತಂದಿರಲಿಲ್ಲ. ಹೆಣ್ಣುಬೆಕ್ಕು ನಾಲ್ಕೈದು ತಿಂಗಳಿಗೇ ಗರ್ಭ ಧರಿಸಬಲ್ಲದು, ಗರ್ಭಾವಧಿ ಸುಮಾರು ಒಂಬತ್ತು ವಾರ, ವರ್ಷಕ್ಕೆ ಎರಡು ಮೂರು ಸಲ ಮರಿ ಹಾಕಬಲ್ಲದು. ಹೊರಗಿನ ಬದುಕಿನಲ್ಲಿ ಹೆಚ್ಚಿನ ಮರಿಗಳು ಉಳಿಯುವುದಿಲ್ಲ, ಮನೆಯೊಳಗೆ ತಕ್ಕಮಟ್ಟಿಗೆ ಉಳಿಯುತ್ತವೆ. ಸಂತಾನಶಕ್ತಿಹರಣ ಶಸ್ತ್ರಚಿಕಿತ್ಸೆಯಾಗದ ಎರಡು ಹೆಣ್ಣು, ಒಂದು ಗಂಡು ಒಳಗಿದ್ದರೆ ಎರಡು ವರ್ಷದಲ್ಲಿ ಮನೆ ತುಂಬಲು ಹೊರಗಿನಿಂದ ಒಂದೇ ಒಂದು ಬೆಕ್ಕೂ ಬರಬೇಕಾಗಿಲ್ಲ. ತಾಯಿ ಮಗ, ಅಣ್ಣ ತಂಗಿ ಎಂಬ ಭೇದವಿಲ್ಲದೆ ನಡೆಯುವ ಈ ಹುಟ್ಟುವಳಿಯಲ್ಲಿ ದುರ್ಬಲ ಮರಿಗಳೂ ಹೆಚ್ಚುತ್ತವೆ. ಇದರ ಜೊತೆಗೆ ಊರಿನ ಪಾಲೂ ಇದೆ. ಬೆಕ್ಕು ಸಾಕುವವರ ಮನೆ ಯಾವುದೆಂದು ತಿಳಿದ ಕೂಡಲೇ, ರಾತ್ರಿ ಹೊತ್ತು ಗೇಟಿನ ಬಳಿ ರಟ್ಟಿನ ಪೆಟ್ಟಿಗೆಯಲ್ಲಿ ಕಣ್ಣು ಬಿಡದ ಮರಿಗಳನ್ನು ಇಟ್ಟು ಹೋಗುವವರು ಹುಟ್ಟಿಕೊಳ್ಳುತ್ತಾರೆ. ಹಾಗೆ ಬಿಟ್ಟು ಹೋದವರಲ್ಲಿ ಒಬ್ಬರು, ಆಮೇಲೆ ವಾಸನೆಯೆಂದು ದೂರು ಬರೆದವರ ಪಟ್ಟಿಯಲ್ಲೂ ಇದ್ದುದನ್ನು ನಾನು ನೋಡಿದ್ದೇನೆ.

ಹಾಗಾದರೆ ಈ ಸ್ಥಿತಿಗೆ ಜನ ಏಕೆ ಬಂದು ನಿಲ್ಲುತ್ತಾರೆ? 1997ರಿಂದ 2006ರವರೆಗೆ ಪ್ಯಾಟ್ರೊನೆಕ್ ಅವರೊಂದಿಗೆ ಮನಶ್ಶಾಸ್ತ್ರಜ್ಞರು, ಸಮಾಜ ಕಾರ್ಯಕರ್ತರು, ಸಮಾಜಶಾಸ್ತ್ರಜ್ಞರು ಕೂಡಿ ನಡೆಸಿದ ಸಂಶೋಧನಾ ಒಕ್ಕೂಟವೊಂದು ಇಂಥವರನ್ನು ಸ್ಥೂಲವಾಗಿ ಮೂರು ಬಗೆಯಾಗಿ ವಿಂಗಡಿಸಿತು. ಮೊದಲನೆಯವರು ಹೊರೆ ಮೀರಿ ಸೋತ ಪಾಲಕರು. ಇವರು ಆರಂಭದಲ್ಲಿ ಚೆನ್ನಾಗಿಯೇ ಸಾಕಿರುತ್ತಾರೆ. ಸಂಗಾತಿಯ ಸಾವು, ಕಾಯಿಲೆ, ಕೆಲಸ ಹೋದದ್ದು, ಹೀಗೆ ಬದುಕಿನಲ್ಲಿ ಏನೋ ಒಂದು ಮುರಿದ ಮೇಲೆ ಆರೈಕೆ ಕೈತಪ್ಪುತ್ತದೆ. ತೊಂದರೆಯಾಗಿದೆ ಎಂಬ ಅರಿವು ಇವರಿಗೆ ಸ್ವಲ್ಪ ಇರುತ್ತದೆ, ಸಹಾಯಕ್ಕೆ ಬಂದವರಿಗೆ ಬಾಗಿಲು ತೆರೆಯುತ್ತಾರೆ. ‘ಚಪ್ಪಲಿ ಹಾಕಿಕೊಂಡೇ ಬನ್ನಿ’ ಎಂದ ಟೀಚರ್ ಈ ಬಗೆಯವರು ಎಂದು ನನಗೆ ಅನಿಸಿದ್ದು ಆ ಮಾತಿನಿಂದಲೇ. ಮೂರನೆಯ ಬಗೆಯವರು ಪ್ರಾಣಿಗಳನ್ನು ತೋರಿಸಿ ಹಣವನ್ನೋ ಹೆಸರನ್ನೋ ಮಾಡಿಕೊಳ್ಳುವ ಶೋಷಕರು. ಅವರ ವಿಷಯದಲ್ಲಿ ಪೊಲೀಸು, ಕೋರ್ಟುಗಳೇ ಮದ್ದು.

ಅರ್ಥಮಾಡಿಕೊಳ್ಳಲು ಕಷ್ಟವಾದದ್ದು ನಡುವಿನ ಬಗೆ, ಅಂದರೆ ರಕ್ಷಕರಾಗಿ ಹೊರಟವರದು. ಇವರಿಗೆ ಇದೊಂದು ವ್ರತ. ತಾವು ಬಿಟ್ಟರೆ ಈ ಜೀವಗಳಿಗೆ ಬೇರೆ ಯಾರೂ ಗತಿಯಿಲ್ಲ ಎಂಬ ನಂಬಿಕೆ ಅವರಲ್ಲಿ ಗಟ್ಟಿಯಾಗಿರುತ್ತದೆ. ಸಾವೆಂದರೆ ಅವರಿಗೆ ಸಹಿಸಲಾಗದಷ್ಟು ಭಯ. ಗುಣವಾಗದ ನೋವಿನಿಂದ ನರಳುವ ಬೆಕ್ಕಿಗೂ ದಯಾಮರಣ ಬೇಡವೆನ್ನುತ್ತಾರೆ, ಆದರೆ ಅದರ ನರಳಾಟ ತಿಂಗಳುಗಟ್ಟಲೆ ಮುಂದುವರಿದರೆ ಅದನ್ನು ‘ಜೀವ ಉಳಿದಿದೆ’ ಎಂದು ಓದುತ್ತಾರೆ. ಬೆಕ್ಕನ್ನು ದತ್ತು ಕೇಳಲು ಬಂದವರಲ್ಲಿ ಒಂದಲ್ಲ ಒಂದು ಕೊರತೆ ಕಾಣುತ್ತದೆ, ಹೀಗಾಗಿ ಒಳಗೆ ಬಂದದ್ದು ಹೊರಗೆ ಹೋಗುವುದಿಲ್ಲ. ಇಂಥವರಲ್ಲಿ ಹಲವರ ಬಾಲ್ಯದಲ್ಲಿ ಆಸರೆಯಿಲ್ಲದ, ಯಾರನ್ನೂ ನಂಬಲಾಗದ ದಿನಗಳಿದ್ದು, ಪ್ರಾಣಿಯೊಂದೇ ನೆಚ್ಚಿನ ಜೊತೆಯಾಗಿದ್ದಿತೆಂದು ಸಂಶೋಧಕರು ಗುರುತಿಸಿದ್ದಾರೆ. 2013ರಲ್ಲಿ ಅಮೆರಿಕದ ಮನೋವೈದ್ಯಕೀಯ ಸಂಘ ತನ್ನ ರೋಗನಿರ್ಣಯ ಕೈಪಿಡಿಯ ಐದನೆಯ ಆವೃತ್ತಿಯಲ್ಲಿ ಕೂಡಿಹಾಕುವ ಕಾಯಿಲೆಯನ್ನು ಪ್ರತ್ಯೇಕ ಮನೋರೋಗವೆಂದು ಸೇರಿಸಿತು. ಪ್ರಾಣಿಗಳನ್ನು ಕೂಡಿಹಾಕುವುದು ಅದರ ಒಂದು ವಿಶೇಷ ರೂಪವಿರಬಹುದೆಂದೂ, ವಸ್ತುಗಳನ್ನು ಕೂಡಿಹಾಕುವವರಿಗಿಂತ ಇವರ ಮನೆಗಳಲ್ಲಿ ಹೊಲಸು ಹೆಚ್ಚು, ತಮ್ಮ ಸ್ಥಿತಿಯ ಅರಿವು ಕಡಿಮೆಯೆಂದೂ ಅದು ಹೇಳುತ್ತದೆ.

ಈ ನಡುವಿನ ಬಗೆ ಮನೆಯ ಗೋಡೆಯೊಳಗೇ ಇರಬೇಕೆಂದಿಲ್ಲ. ಅಮೆರಿಕದ ಫ್ಲಾರಿಡಾ ರಾಜ್ಯದ ಲೀ ಎಂಬ ಸಣ್ಣ ಊರಿನ ಬಳಿ ‘ಕಬೂಡಲ್ ರ‍್ಯಾಂಚ್’ ಎಂಬ ಬೆಕ್ಕಿನ ಧಾಮವಿತ್ತು. ಎಕರೆಗಟ್ಟಲೆ ಕಾಡಿನಂಥ ಜಾಗದಲ್ಲಿ ಬೆಕ್ಕುಗಳಿಗೆಂದೇ ಬಣ್ಣ ಬಳಿದ ಪುಟ್ಟ ಪುಟ್ಟ ಮನೆಗಳನ್ನು ಕಟ್ಟಿ, ಒಂದು ಹಳ್ಳಿಯಂತೆ ಮಾಡಿದ್ದರು. ಅದರ ಚಿತ್ರಗಳನ್ನು ಅಂತರ್ಜಾಲದಲ್ಲಿ ನೋಡಿದವರು ಮನಸೋತು ಹಣ ಕಳಿಸುತ್ತಿದ್ದರು, ಕೆಲವರು ತಮ್ಮ ಬೆಕ್ಕುಗಳನ್ನೇ ತಂದು ಬಿಡುತ್ತಿದ್ದರು. ಪ್ರಾಣಿ ಹಕ್ಕುಗಳ ಸಂಘಟನೆ ‘ಪೆಟಾ’ದ ಕಾರ್ಯಕರ್ತರೊಬ್ಬರು ಸ್ವಯಂಸೇವಕರ ವೇಷದಲ್ಲಿ ಒಳಗಿದ್ದು ಚಿತ್ರೀಕರಿಸಿದ ಮೇಲೆ ಆ ಬಣ್ಣದ ಮನೆಗಳೊಳಗಿನ ಸ್ಥಿತಿ ಹೊರಬಂತು. 2012ರ ಫೆಬ್ರುವರಿಯಲ್ಲಿ ಅಧಿಕಾರಿಗಳ ಕೋರಿಕೆಯ ಮೇಲೆ, ಪ್ರಾಣಿ ಹಿಂಸೆ ತಡೆಗೆ ದುಡಿಯುವ ‘ಎಎಸ್‌ಪಿಸಿಎ’ ಸಂಸ್ಥೆ ಅಲ್ಲಿಂದ ಹತ್ತಿರ ಹತ್ತಿರ 700 ಬೆಕ್ಕುಗಳನ್ನು ಹೊರತಂದಿತು. ಉಸಿರಾಟದ ಸೋಂಕು, ಕಣ್ಣಿನ ರೋಗ, ಚಿಕಿತ್ಸೆ ಕಾಣದ ಗಾಯಗಳು ಅವುಗಳಲ್ಲಿ ಸಾಮಾನ್ಯವಾಗಿದ್ದವು. ಧಾಮ ನಡೆಸುತ್ತಿದ್ದವರ ಮೇಲೆ ಕ್ರೌರ್ಯದ ಮೊಕದ್ದಮೆ ಹೂಡಲಾಯಿತು. ಅದರ ಹಿಂದಿನ ವರ್ಷವಷ್ಟೇ ಅದೇ ರಾಜ್ಯದ ಇನ್ನೊಂದು ಬೆಕ್ಕಿನ ಧಾಮದಿಂದ ಹೆಚ್ಚುಕಡಿಮೆ ಅಷ್ಟೇ ಬೆಕ್ಕುಗಳನ್ನು ಬಿಡಿಸಬೇಕಾಗಿ ಬಂದಿತ್ತು. ಹಣ ಕಳಿಸಿದವರಲ್ಲಿ ಹೆಚ್ಚಿನವರಿಗೆ ಕೆಟ್ಟ ಉದ್ದೇಶವಿರಲಿಲ್ಲ. ಎಷ್ಟು ಬೆಕ್ಕುಗಳು ಬಂದವು ಎಂದು ಅವರು ಕೇಳಿದರು. ಎಷ್ಟು ಹೊರಗೆ ಹೋದವು, ಎಷ್ಟು ಸತ್ತವು, ಪಶುವೈದ್ಯರು ವಾರಕ್ಕೆ ಎಷ್ಟು ಸಲ ಬರುತ್ತಾರೆ ಎಂದು ಕೇಳಲಿಲ್ಲ. ನಮ್ಮಲ್ಲಿ ಫೋನಿನಲ್ಲಿ ಮರಿಯ ಫೋಟೋ ನೋಡಿ ಯುಪಿಐ ಮೂಲಕ ಐನೂರು ರೂಪಾಯಿ ಕಳಿಸುವ ನಾವೂ ಕೇಳಬೇಕಾದ ಪ್ರಶ್ನೆಗಳು ಇವೇ.

ಎಷ್ಟು ಬೆಕ್ಕುಗಳನ್ನು ನೋಡಿಕೊಳ್ಳಬಹುದು ಎಂಬುದಕ್ಕೆ ಆಶ್ರಯತಾಣಗಳ ಪಶುವೈದ್ಯರು ‘ಆರೈಕೆಯ ಸಾಮರ್ಥ್ಯ’ ಎಂಬ ಪರಿಕಲ್ಪನೆಯನ್ನು ಬಳಸುತ್ತಾರೆ. ಅಮೆರಿಕದ ಆಶ್ರಯತಾಣ ಪಶುವೈದ್ಯರ ಸಂಘ 2010ರಲ್ಲಿ ಹೊರತಂದ ಮಾರ್ಗಸೂಚಿಯಲ್ಲಿ, ಊಟ ಕೊಡುವುದಕ್ಕೂ ಸ್ವಚ್ಛ ಮಾಡುವುದಕ್ಕೂ ಸೇರಿ ಪ್ರತಿ ಪ್ರಾಣಿಗೆ ದಿನಕ್ಕೆ ಕನಿಷ್ಠ 15 ನಿಮಿಷ ಬೇಕೆಂಬ ಲೆಕ್ಕವನ್ನೂ, ಗುಂಪಿನಲ್ಲಿಡುವ ಪ್ರತಿ ದೊಡ್ಡ ಬೆಕ್ಕಿಗೆ 18 ಚದರಡಿ ಜಾಗ ಬೇಕೆಂಬ ಅಳತೆಯನ್ನೂ ಉಲ್ಲೇಖಿಸಲಾಗಿದೆ. ಅಂದರೆ 10 ಅಡಿಗೆ 12 ಅಡಿಯ ಕೋಣೆಯಲ್ಲಿ ಆರು ಬೆಕ್ಕುಗಳು. ನಲವತ್ತು ಬೆಕ್ಕುಗಳಿಗೆ ದಿನಕ್ಕೆ ಹತ್ತು ಗಂಟೆಯ ದುಡಿಮೆ. ಅದರಲ್ಲಿ ಮದ್ದು ಹಾಕುವುದು, ಕಣ್ಣು ಒರೆಸುವುದು, ಆಸ್ಪತ್ರೆಗೆ ಒಯ್ಯುವುದು ಸೇರಿಲ್ಲ. ಅರವತ್ತೆಂಟು ವರ್ಷದ, ಮಂಡಿನೋವಿರುವ ಒಬ್ಬ ಹೆಂಗಸು ದಿನಕ್ಕೆ ನಾಲ್ಕು ಗಂಟೆ ಬಗ್ಗಿ ಎದ್ದು ಕೆಲಸ ಮಾಡಬಲ್ಲರು ಎಂದುಕೊಂಡರೂ ಅವರ ಸಾಮರ್ಥ್ಯ ಹದಿನಾರು ಬೆಕ್ಕುಗಳಿಗೆ ಮುಗಿಯುತ್ತದೆ. ಹದಿನೇಳನೆಯದಕ್ಕೆ ಕೊಡುವ ಸಮಯ ಮೊದಲ ಹದಿನಾರರಿಂದ ಕಿತ್ತು ತಂದದ್ದು. ರೆಸ್ಕ್ಯೂ ಎಂಬ ಕೆಲಸದ ತಿರುಳೇ ಈ ಲೆಕ್ಕ ಎಂದು ನಾನು ತಿಳಿದಿದ್ದೇನೆ. ಗೇಟಿನ ಬಳಿ ಅಳುವ ಮರಿ ಕಣ್ಣಿಗೆ ಕಾಣುತ್ತದೆ, ಅದನ್ನು ಎತ್ತಿಕೊಂಡದ್ದರಿಂದ ಒಳಗಿನ ಹದಿನಾರಕ್ಕೆ ತಪ್ಪಿದ ಆರೈಕೆ ಕಾಣುವುದಿಲ್ಲ. ‘ಇಲ್ಲ, ಈಗ ಜಾಗವಿಲ್ಲ’ ಎನ್ನಬಲ್ಲವರು ಕಲ್ಲುಮನಸ್ಸಿನವರಲ್ಲ. ತಮ್ಮ ಬಳಿ ಈಗಾಗಲೇ ಇರುವ ಜೀವಗಳಿಗೆ ಕೊಟ್ಟ ಮಾತನ್ನು ಅವರು ಉಳಿಸಿಕೊಳ್ಳುತ್ತಿದ್ದಾರೆ.

ಕಾನೂನಿನ ವಿಷಯಕ್ಕೆ ಬಂದರೆ, ಅಮೆರಿಕದ ಇಲಿನಾಯ್ ರಾಜ್ಯ 2001ರಲ್ಲೇ ಸಾಕುಪ್ರಾಣಿಗಳನ್ನು ಕೂಡಿಹಾಕುವವರು ಯಾರು ಎಂಬುದನ್ನು ಕಾಯ್ದೆಯಲ್ಲಿ ವ್ಯಾಖ್ಯಾನಿಸಿತು. ಭಾರತದಲ್ಲಿ ಹಾಗೆ ಪ್ರತ್ಯೇಕ ಕಾಯ್ದೆಯಿಲ್ಲ. ರುಕ್ಮಿಣಿ ದೇವಿ ಅರುಂಡೇಲ್ ಅವರು ರಾಜ್ಯಸಭೆಯಲ್ಲಿ ಮಂಡಿಸಿದ ಖಾಸಗಿ ಮಸೂದೆಯ ಪ್ರೇರಣೆಯಿಂದ ಬಂದ 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯೇ ಇಂದಿಗೂ ಆಧಾರ. ಅದರ 3ನೆಯ ವಿಧಿಯಂತೆ ಪ್ರಾಣಿಯನ್ನು ಇಟ್ಟುಕೊಂಡವರೆಲ್ಲರೂ ಅದರ ಕ್ಷೇಮವನ್ನು ನೋಡಿಕೊಳ್ಳಬೇಕು. 11ನೆಯ ವಿಧಿಯಂತೆ ಸಾಕಷ್ಟು ಆಹಾರ, ನೀರು, ಆಸರೆ ಕೊಡದಿರುವುದು ಕ್ರೌರ್ಯ. ಶಿಕ್ಷೆ ಮಾತ್ರ ಮೊದಲ ತಪ್ಪಿಗೆ 10 ರೂಪಾಯಿಯಿಂದ 50 ರೂಪಾಯಿವರೆಗಿನ ದಂಡವಷ್ಟೇ. ಹೆಚ್ಚು ಪ್ರಯೋಜನಕ್ಕೆ ಬರುವುದು 29ನೆಯ ವಿಧಿ, ಅಪರಾಧ ಸಾಬೀತಾದವರಿಂದ ಪ್ರಾಣಿಯ ಒಡೆತನವನ್ನೇ ಕಸಿದುಕೊಳ್ಳುವ ಅಧಿಕಾರ ನ್ಯಾಯಾಲಯಕ್ಕೆ ಅದರಲ್ಲಿದೆ.

ಆದರೆ ಕಸಿದುಕೊಂಡ ಮೇಲೆ ಅವು ಹೋಗುವುದೆಲ್ಲಿಗೆ? 2025ರ ಫೆಬ್ರುವರಿಯಲ್ಲಿ ಪುಣೆಯ ಹಡಪ್ಸರ್‌ನ ಫ್ಲಾಟೊಂದರಲ್ಲಿ ಮುನ್ನೂರಕ್ಕೂ ಹೆಚ್ಚು ಬೆಕ್ಕುಗಳಿವೆ ಎಂಬ ಸುದ್ದಿ ದೇಶದಲ್ಲೆಲ್ಲ ಹರಡಿತು. ವಾಸನೆ, ಗದ್ದಲಗಳ ಬಗ್ಗೆ ನೆರೆಹೊರೆಯವರು ದೂರಿದ್ದರು. ಮಹಾನಗರಪಾಲಿಕೆ ಪರಿಶೀಲಿಸಿ, 48 ಗಂಟೆಗಳಲ್ಲಿ ಬೆಕ್ಕುಗಳನ್ನು ಬೇರೆಡೆಗೆ ಸಾಗಿಸಬೇಕೆಂದು ನೋಟಿಸು ಕೊಟ್ಟಿತು. ಆ ಮನೆಯವರ ಮನಸ್ಸಿನ ಬಗ್ಗೆ ದೂರದಲ್ಲಿ ಕುಳಿತು ಏನೂ ಹೇಳುವುದು ಸರಿಯಲ್ಲ, ಹೇಳುವುದೂ ಇಲ್ಲ. ಆದರೆ ಎರಡು ದಿನದಲ್ಲಿ ಮುನ್ನೂರು ಬೆಕ್ಕುಗಳನ್ನು ಮಾನವೀಯವಾಗಿ ಸ್ವೀಕರಿಸಬಲ್ಲ ಆಶ್ರಯತಾಣ ನಮ್ಮ ಯಾವ ನಗರದಲ್ಲಿದೆ? ಬೀದಿನಾಯಿಗಳಿಗಾದರೂ ಸಂತಾನ ನಿಯಂತ್ರಣ ಕಾರ್ಯಕ್ರಮಗಳು ನಡೆಯುತ್ತವೆ, ಬೆಕ್ಕುಗಳ ಪಾಲಿಗೆ ವ್ಯವಸ್ಥೆ ಬಹಳ ತೆಳುವಾದದ್ದು. ಗಡುವು ಕೊಟ್ಟು ಖಾಲಿ ಮಾಡಿಸಿದರೆ ಬೆಕ್ಕುಗಳು ಗೋಣಿಚೀಲಗಳಲ್ಲಿ ಊರ ಹೊರಗಿನ ಮಾರುಕಟ್ಟೆಯ ಹಿಂದೆ ಬೀಳುತ್ತವೆ, ಮನೆ ಕೆಲವೇ ತಿಂಗಳಲ್ಲಿ ಮತ್ತೆ ತುಂಬುತ್ತದೆ. ಕೂಡಿಹಾಕುವ ಸ್ಥಿತಿ ಮರುಕಳಿಸದಿರುವುದು ಅಪರೂಪ ಎಂಬ ವಿಷಯದಲ್ಲಿ ಇದನ್ನು ಕಂಡವರೆಲ್ಲರದೂ ಒಂದೇ ಮಾತು.

ಫಲ ಕೊಡುವ ದಾರಿ ನಿಧಾನವಾದದ್ದು. ಟೀಚರ ಮನೆಯಲ್ಲಿ ಮೊದಲು ಮಾಡಿದ ಕೆಲಸ ಒಂದೂ ಬೆಕ್ಕನ್ನು ಹೊರಗೆ ಒಯ್ಯುವುದಲ್ಲ. ಗಂಡು ಹೆಣ್ಣುಗಳನ್ನು ಬೇರೆ ಬೇರೆ ಕೋಣೆಗಳಲ್ಲಿಟ್ಟು, ತಾಳಿಕೊಳ್ಳುವಷ್ಟು ಆರೋಗ್ಯವಿದ್ದವಕ್ಕೆ ದಿನಕ್ಕೆ ನಾಲ್ಕರಂತೆ ಸಂತಾನಶಕ್ತಿಹರಣದ ಆಪರೇಷನ್ ಮಾಡಿಸಿದ್ದು. ‘ನಿಮ್ಮ ಮಕ್ಕಳನ್ನು ಕಿತ್ತುಕೊಳ್ಳಲು ಬಂದಿಲ್ಲ, ಆಪರೇಷನ್ ಮಾಡಿಸಿ ವಾಪಸು ತರುತ್ತೇವೆ ಟೀಚರ್’ ಎಂದು ಹೇಳಿ, ಹೇಳಿದಂತೆ ತಂದು ಬಿಟ್ಟ ಮೇಲೆಯೇ ಅವರು ನಮ್ಮ ಜೊತೆ ಬೆಕ್ಕುಗಳ ಪಟ್ಟಿ ಬರೆಯಲು ಕುಳಿತರು. ಪ್ರತಿ ಬೆಕ್ಕಿಗೂ ಒಂದು ಫೋಟೋ, ಹೆಸರು, ಲಸಿಕೆಯ ದಿನಾಂಕ. ಹೆಸರು ಬರೆಸುವಾಗ ಮೂರು ಬೆಕ್ಕುಗಳು ಎಲ್ಲೂ ಕಾಣುತ್ತಿಲ್ಲವೆಂಬುದು ಅವರಿಗೇ ಹೊಳೆಯಿತು. ಬಹಳ ಹೊತ್ತು ಅವರು ಮಾತಾಡಲಿಲ್ಲ. ಆ ಬಿಳಿ ಬೆಕ್ಕಿನ ಒಂದು ಕಣ್ಣು ಉಳಿಯಿತು. ತೀರಾ ಕ್ಷೀಣವಾಗಿದ್ದ ಆರು ಬೆಕ್ಕುಗಳು ಆಸ್ಪತ್ರೆಯಲ್ಲಿ ಸತ್ತವು. ಉಳಿದವನ್ನು ಎರಡು ಮೂರರಂತೆ, ತಾತ್ಕಾಲಿಕವಾಗಿ ನೋಡಿಕೊಳ್ಳುವ ಫೋಸ್ಟರ್ ಮನೆಗಳಿಗೆ, ಅಲ್ಲಿಂದ ದತ್ತಿಗೆ ಕಳಿಸಲು ಹದಿನಾಲ್ಕು ತಿಂಗಳು ಹಿಡಿಯಿತು. ಎಲ್ಲವನ್ನೂ ಒಯ್ಯದೆ ನಾಲ್ಕನ್ನು ಅವರ ಬಳಿಯೇ ಬಿಡಬೇಕೆಂಬುದು ತಂಡದ ಹಿರಿಯರ ನಿರ್ಧಾರವಾಗಿತ್ತು, ಮನೆಯನ್ನು ಬರಿದು ಮಾಡಿದರೆ ಅದನ್ನು ತುಂಬುವ ಹಂಬಲ ಮೊದಲಿಗಿಂತ ಹೆಚ್ಚಾಗುತ್ತದೆ ಎಂಬುದು ಅವರ ಅನುಭವ.

ಮನಸ್ಸಿನ ಭಾಗವನ್ನು ಸ್ವಯಂಸೇವಕರು ತಾವೇ ನಿಭಾಯಿಸಲು ಹೋಗಬಾರದು. ಟೀಚರ ತಂಗಿಯ ಮಗ ಅವರನ್ನು ಮನೋವೈದ್ಯರಲ್ಲಿಗೆ ಕರೆದೊಯ್ಯಲು ಒಪ್ಪಿದ್ದು, ಅದನ್ನು ಬೆಕ್ಕಿನ ಕಾಯಿಲೆಯೆಂದು ಕರೆಯದೆ ನಿದ್ದೆ ಬಾರದ ತೊಂದರೆಯೆಂದು ಆರಂಭಿಸಿದಾಗ. ನಿಜಕ್ಕೂ ಯಜಮಾನರು ಹೋದಂದಿನಿಂದ ಅವರಿಗೆ ಸರಿಯಾದ ನಿದ್ದೆ ಇರಲಿಲ್ಲ. ಯಾರನ್ನು ಕೇಳಬೇಕೆಂದು ತಿಳಿಯದವರಿಗೆ 2022ರಲ್ಲಿ ಆರಂಭವಾದ, ಬೆಂಗಳೂರಿನ ನಿಮ್ಹಾನ್ಸ್ ಮುಂದಾಳತ್ವದ ‘ಟೆಲಿ ಮಾನಸ್’ ಸಹಾಯವಾಣಿ 14416ರಲ್ಲಿ ಕನ್ನಡದಲ್ಲೇ ಮಾತಾಡಬಹುದು. ನೆರೆಯವರು ಮಾಡಬಹುದಾದ ಕೆಲಸ ಇನ್ನೂ ಮುಂಚಿನದು. ಕಿಟಕಿಗಳು ಹಗಲೂ ಮುಚ್ಚಿರುವುದು, ಬಂದವರನ್ನು ಗೇಟಿನಲ್ಲೇ ಮಾತಾಡಿಸಿ ಕಳಿಸುವುದು, ಎಷ್ಟು ಬೆಕ್ಕು ಎಂದರೆ ಉತ್ತರ ತೇಲಿಸುವುದು, ಇವು ಕಂಡಾಗ ದೂರು ಬರೆಯುವ ಮೊದಲು ಎರಡು ಬೆಕ್ಕುಗಳ ಆಪರೇಷನ್ ಖರ್ಚನ್ನು ಬೀದಿಯವರು ಹಂಚಿಕೊಳ್ಳುತ್ತೇವೆಂದು ಬಾಗಿಲು ತಟ್ಟಿದರೆ, ನಲವತ್ತೇಳು ಆಗುವ ಮನೆ ಆರಕ್ಕೆ ನಿಲ್ಲಬಹುದು.

ನಮ್ಮ ತಂಡದಿಂದ ಈಗಲೂ ಯಾರಾದರೊಬ್ಬರು ಎರಡು ತಿಂಗಳಿಗೊಮ್ಮೆ ಅಲ್ಲಿಗೆ ಹೋಗಿ ಬರುತ್ತೇವೆ. ಚಪ್ಪಲಿ ಹೊರಗೆ ಬಿಟ್ಟೇ ಒಳಗೆ ಹೋಗುತ್ತೇವೆ. ಹೋದ ಸಲ ಹೋದಾಗ, ಬಾಗಿಲ ಹಿಂದಿನ ಬುಟ್ಟಿಯಲ್ಲಿ ಐದನೆಯದೊಂದು ಬೂದು ಬಣ್ಣದ ಮರಿಯಿತ್ತು. ಗೇಟಿನ ಬಳಿ ಯಾರೋ ಬಿಟ್ಟು ಹೋಗಿದ್ದರಂತೆ. ನಾವು ಕೇಳುವ ಮೊದಲೇ ಟೀಚರ್ ಪಟ್ಟಿಯ ಪುಸ್ತಕವನ್ನು ತಂದು ಮುಂದಿಟ್ಟರು. ಮರಿಯ ಹೆಸರಿನ ಜಾಗವನ್ನು ಖಾಲಿ ಬಿಟ್ಟು, ಬಂದ ದಿನಾಂಕವನ್ನು ಮಾತ್ರ ಬರೆದಿದ್ದರು. ಅದಕ್ಕೊಂದು ಮನೆ ಸಿಗುವವರೆಗೆ ನೋಡಿಕೊಳ್ಳುವ ಫೋಸ್ಟರ್ ಒಬ್ಬರನ್ನು ಈಗ ಹುಡುಕುತ್ತಿದ್ದೇವೆ.